ಹೆಸರಿಲ್ಲದ ಹನ್ನೆರಡು ಪ್ಲೇಟುಗಳು

ಪಿಎಚ್‌ಡಿ ಹುಡುಗಿ ಮೂರು ವಾರ ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದ್ದ ಹನ್ನೆರಡು ಪ್ಲೇಟು ಬ್ಯಾಕ್ಟೀರಿಯಾವನ್ನು ಲ್ಯಾಬ್ ಉಸ್ತುವಾರಿ ಆಟೋಕ್ಲೇವಿನ ಬಿಸಿ ಹಬೆಗೆ ಹಾಕಿ ಬೇಯಿಸಿಬಿಟ್ಟಿದ್ದ. ವಿಷಯ ತಿಳಿದು ಅವಳು ಕೆಂಡವಾದಳು.

“ಯಾರನ್ನ ಕೇಳಿ ಹಾಕಿದ್ರಿ?”

“ಯಾರನ್ನ ಕೇಳ್ಬೇಕಿತ್ತು? ಪ್ಲೇಟ್ ಮೇಲೆ ಹೆಸರಿಲ್ಲ, ತಾರೀಖಿಲ್ಲ. ಒಳಗೆ ಏನು ಬೆಳೀತಿದೆಯೋ ದೇವರಿಗೇ ಗೊತ್ತು.”

“ಅಪಾಯ ಇಲ್ಲದ ಬ್ಯಾಕ್ಟೀರಿಯಾ ರೀ ಅದು!”

“ಅಪಾಯ ಕಡಿಮೆ. ಇಲ್ಲ ಅಂತಲ್ಲ.”

ಎಲ್ಲರೂ ಅವನನ್ನು ಬೆನ್ನ ಹಿಂದೆ ‘ಗ್ಲೌಸ್ ಸಾಹೇಬ್ರು’ ಅನ್ನುತ್ತಿದ್ದರು. ಅಂದಿನಿಂದ ಅವಳು ಎದುರಿಗೇ ಅನ್ನತೊಡಗಿದಳು. ಅವನೂ ಬಿಡಲಿಲ್ಲ. ಗ್ಲೌಸಿನ ಕೈಯಲ್ಲೇ ಬಾಗಿಲ ಹಿಡಿ ಮುಟ್ಟಿದ್ದಕ್ಕೆ ಒಂದು ನೋಟಿಸು, ಚಪ್ಪಲಿಯಲ್ಲಿ ಬಂದದ್ದಕ್ಕೆ ಇನ್ನೊಂದು. ಮಾತು ನಿಂತು ಬರೀ ದುರುಗುಟ್ಟುವುದು ಉಳಿಯಿತು. ಅವನ ಕಣ್ಣು ತನ್ನನ್ನೇ ಹುಡುಕುತ್ತದೆಂದು ಅವಳಿಗೆ ಮೈಯೆಲ್ಲ ಉರಿ. ಹುಡುಕದ ದಿನ ಇನ್ನೂ ಉರಿ.

ಒಂದು ಮಧ್ಯಾಹ್ನ ಗಾಜಿನ ಕಡ್ಡಿಯ ಕ್ರಿಮಿ ಸುಡಲು ಅದನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಬರ್ನರಿಗೆ ಹಿಡಿದಳು. ಅವಸರದಲ್ಲಿ, ಕಡ್ಡಿಯ ಉರಿ ಆರುವ ಮೊದಲೇ ಮತ್ತೆ ಅದ್ದಿದಳು. ಸ್ಪಿರಿಟ್ಟಿನ ಬೀಕರು ಭಗ್ಗನೆ ಹೊತ್ತಿಕೊಂಡಿತು. ಎತ್ತಿ ಸಿಂಕಿಗೆ ಸುರಿಯಲು ಕೈ ಚಾಚಿದಳು.

“ಮುಟ್ಬೇಡಿ!”

ಕೋಟಿನ ತೋಳು ಹಿಡಿದು ಅವಳನ್ನು ಹಿಂದಕ್ಕೆಳೆದ ಅವನು ಬರ್ನರ್ ಆರಿಸಿ, ಬೀಕರಿನ ಮೇಲೆ ಗಾಜಿನ ಮುಚ್ಚಳ ಇಟ್ಟ. ಬೆಂಕಿ ಉಸಿರುಗಟ್ಟಿ ಸತ್ತಿತು.

“ಎತ್ತಿದ್ರೆ ಮೈಮೇಲೆ ಚೆಲ್ತಿತ್ತು! ತಲೇಲಿ ಏನಿದೆ ನಿಮಗೆ?”

“ಕಿರುಚ್ಬೇಡಿ. ರಿಪೋರ್ಟ್ ಬರ್ಕೊಂಡು ಖುಷಿ ಪಡಿ.”

“ಬರೀತೀನಿ. ಅದೇ ಕೊನೇದು. ಮೇಲಿನ ಮಹಡಿ ಲ್ಯಾಬಿಗೆ ಹಾಕಿ ಅಂತ ಅರ್ಜಿ ಕೊಟ್ಟಿದೀನಿ.”

ಅವಳು ಥಟ್ಟನೆ ಅವನತ್ತ ತಿರುಗಿದಳು. “ಯಾಕೆ, ನನ್ನ ಕಾಟ ತಡೀಲಾರದೆ?”

“ಹೂಂ. ಇಲ್ಲಿ ಇಪ್ಪತ್ತು ಜನ ಇದಾರೆ, ನನಗೆ ಕಾಣೋದು ನೀವೊಬ್ರೇ. ಇಂಥೋನು ಇಲ್ಲಿ ಉಸ್ತುವಾರಿ ಆಗಿರ್ಬಾರ್ದು.”

ಅವಳು ಗ್ಲೌಸ್ ಕಳಚಿ ಬಿನ್ನಿಗೆ ಹಾಕಿ ಕೈ ತೊಳೆಯತೊಡಗಿದಳು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೊಳೆದಳು. ಕಣ್ಣು ಒದ್ದೆಯಾದದ್ದು ಕಾಣದಿರಲೆಂದು ತಲೆ ಎತ್ತಲಿಲ್ಲ.

“ಇಷ್ಟು ಹೇಳೋಕೆ ಬೆಂಕಿ ಬೀಳ್ಬೇಕಿತ್ತಾ?” ಎಂದಳು ಕಹಿಯಾಗಿ. “ಹೋಗು ಮೇಲಕ್ಕೆ. ಊಟದ ಹೊತ್ತಿಗೆ ಇಳಿದು ಬಾ.”

“‘ಬಾ’ ಅಂದ್ರಾ?”

“ಅಂದೆ. ಏನೀಗ?”

“ಏನಿಲ್ಲ. ಬರ್ತೀನಿ.”

ಅವಳು ತಲೆ ಎತ್ತಿದಳು; ಅವನು ನಗುತ್ತಿದ್ದ. ಅವನು ನಕ್ಕದ್ದನ್ನು ಅವಳು ನೋಡಿದ್ದು ಅದೇ ಮೊದಲು. ವರ್ಗವಾದ ದಿನ ಅವನು ಹೇಳಿದಂತೆಯೇ ಇಳಿದು ಬಂದ. ಊಟ ಮುಗಿಯುವ ತನಕ ಇಬ್ಬರೂ ಜಗಳವಾಡಿದರು. ಕೈ ಕೈ ಹಿಡಿದುಕೊಂಡೇ.