ಯಾರದೂ ಅಲ್ಲದ ತಗ್ಗು

ಬಹಳ ಹಿಂದೆ, ಬೆಟ್ಟಗಳು ಇನ್ನೂ ಒಂದು ಕಡೆ ನೆಟ್ಟಗೆ ಕೂರುವುದನ್ನು ಕಲಿಯದಿದ್ದ ಕಾಲದಲ್ಲಿ, ಒಂದಕ್ಕೊಂದು ಅಂಟಿಕೊಂಡು ಮೂರು ನಾಡುಗಳಿದ್ದವು. ಕುಲುಮೆನಾಡಿನಲ್ಲಿ ಕಂಚು ಹಿತ್ತಾಳೆ ಕರಗಿಸುತ್ತಿದ್ದರು. ಆವಿಗೆನಾಡಿನಲ್ಲಿ ಮಡಕೆ ಸುಡುತ್ತಿದ್ದರು. ಮಗ್ಗದನಾಡಿನಲ್ಲಿ ಬಟ್ಟೆ ನೇಯುತ್ತಿದ್ದರು. ತಮ್ಮ ನಾಡಿನಷ್ಟು ಚೊಕ್ಕಟವಾದ ನಾಡು ಭೂಮಿಯ ಮೇಲೆ ಇನ್ನೊಂದಿಲ್ಲ ಎಂದು ಮೂರೂ ನಾಡಿನವರು ನಂಬಿದ್ದರು. ನಂಬುವುದಕ್ಕೆ ಕಾರಣವೂ ಇತ್ತು. ಮೂರು ಗಡಿ ಕೂಡುವಲ್ಲಿ ಒಂದು ದೊಡ್ಡ ತಗ್ಗಿತ್ತು. ಒಡೆದದ್ದು, ಹರಿದದ್ದು, ಸೊಟ್ಟಗಾದದ್ದು ಎಲ್ಲವನ್ನೂ ಪ್ರತಿ ಅಮಾವಾಸ್ಯೆಯ ಮಧ್ಯಾಹ್ನ ಗಾಡಿಗಳಲ್ಲಿ ತಂದು ಅದರೊಳಗೆ ಸುರಿಯುತ್ತಿದ್ದರು.

ಸುರಿದ ಮೇಲೆ ಒಂದು ಪದ್ಧತಿ. ತಗ್ಗಿಗೆ ಬೆನ್ನು ತಿರುಗಿಸಿ, "ಇದು ನಮ್ಮದಲ್ಲ" ಎಂದು ಮೂರು ಸಲ ಗಟ್ಟಿಯಾಗಿ ಹೇಳಿ, ಹಿಂದೆ ನೋಡದೆ ಮನೆಗೆ ಹೋಗಬೇಕು. ತಗ್ಗಿನೊಳಗಿನ ಬೇರೆ ನಾಡಿನ ವಸ್ತುವನ್ನು ಮುಟ್ಟಿದವನನ್ನು ನಾಡಿನಿಂದ ಹೊರಗಿಡಬೇಕು. ತಗ್ಗು ಯಾರದು ಎಂದು ಕೇಳಿದರೆ ಪ್ರತಿಯೊಬ್ಬರೂ ಉಳಿದಿಬ್ಬರ ಕಡೆ ಕೈ ತೋರಿಸುತ್ತಿದ್ದರು.

ಮುನ್ನೂರು ವರ್ಷ ಮೂರು ನಾಡಿನವರು ಒಂದೇ ಮಾತು ಹೇಳಿ ಹೇಳಿ, ಆ ಮಾತಿಗೆ ಮೈ ಬಂತು. ಹರಿದ ಬಟ್ಟೆ ಅದರ ಚರ್ಮವಾಯಿತು, ಒಡೆದ ಮಡಕೆಯ ಬೋಕಿಚೂರು ಹಲ್ಲಾಯಿತು, ಎರಡು ಸೀಳು ತಂಬಿಗೆ ಕಣ್ಣಾದವು. ಜನ ಅದನ್ನು ಮುರುಕ ಎಂದು ಕರೆದರು. ಮುರುಕ ಗಟ್ಟಿಯಾದದ್ದನ್ನು ಮೂಸಿಯೂ ನೋಡುತ್ತಿರಲಿಲ್ಲ. ಮುರಿದದ್ದನ್ನು, ಅದರಲ್ಲೂ ಯಾರೂ ನಮ್ಮದು ಎನ್ನದ್ದನ್ನು ಮಾತ್ರ ನುಂಗುತ್ತಿತ್ತು.

ತಗ್ಗಿನ ಮೇಲಿನ ದಿಬ್ಬದಲ್ಲಿ ಹೊಸಬಯ್ಯ ಎಂಬ ಮಾಯಗಾರನ ಮನೆ. ಆ ಮನೆಗೆ ಮೂರು ಬಾಗಿಲು, ಒಂದೊಂದು ಒಂದೊಂದು ನಾಡಿಗೆ. ಹಳೆಯದನ್ನು ತಗ್ಗಿಗೆ ಹಾಕಿ ಬಂದವರಿಗೆ ಅವನು ಹೊಸದನ್ನು ಪುಕ್ಕಟೆ ಕೊಡುತ್ತಿದ್ದ. ಅವನು ಒಂದು ಹೊಸ ಮಡಕೆ ಕೊಟ್ಟರೆ ಎಲ್ಲೋ ಒಂದು ಕೆರೆಯಲ್ಲಿ ಒಂದು ಹಿಡಿ ಮಣ್ಣು ಕಾಣೆಯಾಗುತ್ತಿತ್ತು, ಹೊಸ ಕೊಡ ಕೊಟ್ಟರೆ ಬೆಟ್ಟದ ಒಂದು ಚೂರು ಮಾಯವಾಗುತ್ತಿತ್ತು. ಅದನ್ನು ಯಾರೂ ತಾಳೆ ನೋಡಲಿಲ್ಲ. ಮುರುಕ ಒಂದೊಂದು ತುತ್ತು ನುಂಗಿದಾಗಲೂ ಹೊಸಬಯ್ಯನಿಗೆ ಒಂದೊಂದು ದಿನ ವಯಸ್ಸು ಕಡಿಮೆಯಾಗುತ್ತಿತ್ತು. ಮುನ್ನೂರು ದಾಟಿದವನು ಮೂವತ್ತರವನಂತೆ ಮೀಸೆ ತಿರುವಿಕೊಂಡು ಓಡಾಡುತ್ತಿದ್ದ. ಮೂವರು ರಾಜರೂ ಅವನನ್ನು ತಮ್ಮೊಬ್ಬರದೇ ಮಾಯಗಾರ ಎಂದುಕೊಂಡಿದ್ದರು.

ಮಗ್ಗದನಾಡಿನಲ್ಲಿ ಬಾಳವ್ವ ಎಂಬ ಹೆಂಗಸಿದ್ದಳು. ಹಳೆ ಬಟ್ಟೆಯ ತುಂಡುಗಳನ್ನು ಪದರ ಪದರವಾಗಿ ಕೂಡಿಸಿ ಕೌದಿ ಹೊಲಿಯುವುದು ಅವಳ ಕೆಲಸ. ಅವಳ ಗಂಡ ಓಬಳ ಕುಲುಮೆನಾಡಿನಲ್ಲಿ ಹುಟ್ಟಿ ಈ ನಾಡಿಗೆ ಅಳಿಯನಾಗಿ ಬಂದವನು. ತೂತು ಬಿದ್ದ ಪಾತ್ರೆಗೆ ಬೆಸುಗೆ ಹಾಕುತ್ತಿದ್ದ. ಎಡಗಾಲು ಕುಂಟು. ಹೊಸಬಯ್ಯನ ಕಾಲದಲ್ಲಿ ಇಬ್ಬರಿಗೂ ಕೆಲಸವಿರಲಿಲ್ಲ. ಜಗಳಕ್ಕೆ ಮಾತ್ರ ಬೇಕಾದಷ್ಟು ಬಿಡುವಿತ್ತು, ಆದರೂ ಒಬ್ಬರನ್ನು ಬಿಟ್ಟು ಒಬ್ಬರು ಉಣ್ಣುತ್ತಿರಲಿಲ್ಲ.

ಒಂದು ದಿನ ಓಬಳ ತಗ್ಗಿನಂಚಿನಲ್ಲಿ ಒಂದು ಸೀಳಿದ ಹಿತ್ತಾಳೆ ಕೊಡ ಕಂಡ. ಚೆಂದದ ಕೊಡ, ಒಂದು ಬೆಸುಗೆ ಹಾಕಿದರೆ ಇನ್ನೂ ಐವತ್ತು ವರ್ಷ ಬಾಳುವಂಥದ್ದು. ಅವನ ಕೈ ಸುಮ್ಮನಿರಲಿಲ್ಲ. ಇಳಿದು ಎತ್ತಿಕೊಂಡ. ಅದು ಆವಿಗೆನಾಡಿನ ಗಾಡಿಯಿಂದ ಬಿದ್ದದ್ದು. ಮೂರೂ ಗಡಿಯ ಕಾವಲುಗಾರರು ಕಂಡು ಓಡಿ ಬಂದರು. ಮಗ್ಗದನಾಡಿನ ಕಾವಲುಗಾರ ಇವನು ನಮ್ಮವನಲ್ಲ, ಅಳಿಯ ಎಂದ. ಕುಲುಮೆನಾಡಿನ ಕಾವಲುಗಾರ ನಮ್ಮವನಲ್ಲ, ಬಿಟ್ಟು ಹೋದವನು ಎಂದ. ಆವಿಗೆನಾಡಿನವನು ಇವನ್ಯಾರೋ ಗೊತ್ತೇ ಇಲ್ಲ ಎಂದ. ಮುರುಕ ಕುಂಟುಗಾಲನ್ನು ನೋಡಿತು, ಬಾಯಿ ತೆರೆಯಿತು, ಕೊಡದ ಸಮೇತ ಓಬಳನನ್ನು ನುಂಗಿತು.

ಬಾಳವ್ವ ಓಡಿ ಬಂದಾಗ ಮುರುಕನ ಹೊಟ್ಟೆಯೊಳಗಿಂದ ಸುತ್ತಿಗೆಯ ಸದ್ದು ಕೇಳುತ್ತಿತ್ತು. ಓಬಳ ಒಳಗೆ ಕೂತು ಕೊಡ ರಿಪೇರಿ ಮಾಡುತ್ತಿದ್ದ. ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಕಣ್ಣೊರೆಸಿಕೊಂಡು ಗಂಡನನ್ನು ಬಿಡು ಎಂದು ಕೇಳಿದಳು.

"ನಿನ್ನೊಬ್ಬಾಕಿ ಮಾತು ಸಾಲೂದಿಲ್ಲ," ಎಂದಿತು ಮುರುಕ. "ಅಂವ ತಳದಾಗ ಅದಾನ. ಮ್ಯಾಲೆ ಮೂರೂ ನಾಡಿನ ಸಾಮಾನು ಬಿದ್ದಾವ. ಮೂರೂ ರಾಜರು ದಂಡಿಮ್ಯಾಲೆ ನಿಂತು ನಮ್ಮದು ಅನ್ನಲಿ, ಬಿಡ್ತೀನಿ. ಸುತ್ತಿಗಿ ಸದ್ದು ನಿಂತಿತಂದ್ರ ಅಂವ ನನ್ನ ಮೈಯಾಗ ಕರಗಿದ ಅಂತ ತಿಳಕೊ."

ಬಾಳವ್ವ ಮೊದಲು ಕುಲುಮೆನಾಡಿನ ರಾಜನ ಬಳಿಗೆ ಹೋದಳು. ಅವನು ಕೆಟ್ಟವನಲ್ಲ, ಸೋಮಾರಿ ಅಷ್ಟೆ. ಹಳೆ ಲೋಹ ತೆಗೆದುಕೊಂಡು ಏನು ಮಾಡಲಿ, ಕರಗಿಸಲು ಮೂಸೆ ಬೇಡವೇ ಎಂದ. ಮೂಸೆ ಎಂದರೆ ಲೋಹ ಕರಗಿಸುವ ಮಣ್ಣಿನ ಬಟ್ಟಲು. ಹಿಂದೆ ಆವಿಗೆನಾಡಿನಿಂದ ಬರುತ್ತಿತ್ತು, ಅಜ್ಜನ ಕಾಲದಲ್ಲಿ ಮಾತು ಬಿಟ್ಟ ಮೇಲೆ ನಿಂತುಹೋಯಿತು. ಬಿರಿಯದ ಮೂಸೆ ತಂದರೆ ಬರುತ್ತೇನೆ ಎಂದ.

ಅವಳು ಆವಿಗೆನಾಡಿಗೆ ಹೋದಳು. ಅಲ್ಲಿಯ ರಾಜ, ಮೂಸೆಗೆ ಹಸಿಮಣ್ಣೊಂದೇ ಸಾಲದು, ಬೋಕಿಚೂರಿನ ಪುಡಿ ಸೇರಬೇಕು, ಅದನ್ನು ಹಿಡಿದಿಡಲು ಹಳೆ ಹತ್ತಿಬಟ್ಟೆಯ ನಾರು ಸೇರಬೇಕು ಎಂದ. ಬೋಕಿ ಇದೆ, ಬಟ್ಟೆ ಮಗ್ಗದನಾಡಿನದು, ಅದು ಬಂದರೆ ನೋಡೋಣ ಎಂದ.

ಅವಳು ಮಗ್ಗದನಾಡಿಗೆ ಮರಳಿದಳು. ಅವಳದೇ ನಾಡಿನ ರಾಜ, ಹಳೆ ಬಟ್ಟೆ ಇಟ್ಟುಕೊಂಡರೆ ಕೌದಿ ಹೊಲಿಯಬೇಕು, ಹೊಲಿಯಲು ಸೂಜಿ ಬೇಕು, ಕುಲುಮೆನಾಡಿನಿಂದ ಸೂಜಿ ಬಂದು ಎಷ್ಟು ಕಾಲವಾಯಿತು ಎಂದ. ಹೊಸಬಯ್ಯ ಏನು ಕೇಳಿದರೂ ಕೊಡುತ್ತಿದ್ದ, ಸೂಜಿ ಮಾತ್ರ ಕೊಡುತ್ತಿರಲಿಲ್ಲ. ಸೂಜಿ ಬರುವ ತನಕ ಒಂದು ಚಿಂದಿಯನ್ನೂ ಬೇರೆ ನಾಡಿಗೆ ಕೊಡುವುದಿಲ್ಲ ಎಂದು ರಾಜ ಎದ್ದು ಹೋದ.

ಮೂರು ನಾಡು ಸುತ್ತಿ ಬಾಳವ್ವ ಹೊರಟಲ್ಲಿಗೇ ಬಂದಿದ್ದಳು. ತಗ್ಗಿನಲ್ಲಿ ಸುತ್ತಿಗೆ ತಡೆತಡೆದು ಬಡಿಯುತ್ತಿತ್ತು.

ಅವಳ ಹತ್ತಿರ ತನ್ನದೆನ್ನುವ ಒಂದೇ ಹಳೆ ಬಟ್ಟೆ ಇತ್ತು, ಮದುವೆಯ ಕೌದಿ. ಅದರಲ್ಲಿ ಅವಳ ತಾಯಿಯ ಸೀರೆ ಇತ್ತು, ಓಬಳನ ಚಿಕ್ಕಂದಿನ ಅಂಗಿ ಇತ್ತು. ಅಂಗಳದಲ್ಲಿ ಕೂತು ಕತ್ತರಿ ಹಿಡಿದಾಗ ಹೊಸಬಯ್ಯ ಕಳಿಸಿದ ರೇಷ್ಮೆ ಪಟ್ಟೆಯ ಹುಲಿಯೊಂದು ಬಂದು ನಿಂತಿತು. ಬೆನ್ನ ಮೇಲೆ ಹೊಚ್ಚಹೊಸ ಕೌದಿ. ಇದನ್ನು ತಗೋ, ಅದನ್ನು ತಗ್ಗಿಗೆ ಹಾಕು ಎಂದಿತು ಹುಲಿ. ಬಾಳವ್ವ ಹೊಸ ಕೌದಿಯ ಮೂಲೆ ಬಿಚ್ಚಿ ನೋಡಿದಳು. ಕೌದಿಯ ಕೊನೆಯ ಮೂಲೆ ಹೊಲಿಯುವ ಮೊದಲು ಒಳಗೊಂದು ಚೂರು ರೊಟ್ಟಿ ಇಡುವುದು ಅವರ ಪದ್ಧತಿ, ಕೌದಿ ಹಸಿದಿರಬಾರದು. ಇದರಲ್ಲಿ ಏನೂ ಇರಲಿಲ್ಲ. ಬೇಡ ಎಂದಳು. ಹುಲಿ ದಾರದ ಉಂಡೆಯಾಗಿ ಉರುಳಿಹೋಯಿತು. ಅವಳು ಮದುವೆಯ ಕೌದಿಯನ್ನು ಸಣ್ಣಗೆ ಕತ್ತರಿಸಿದಳು. ಕತ್ತರಿಸುವಾಗ ಅತ್ತಳು, ಕೈ ಮಾತ್ರ ನಿಲ್ಲಿಸಲಿಲ್ಲ.

ಆವಿಗೆನಾಡಿನ ಕುಂಬಾರರು ಬೋಕಿ ಕುಟ್ಟಿ, ಜರಡಿ ಹಿಡಿದು, ಮಣ್ಣಿಗೆ ಬೆರೆಸಿ, ಅವಳು ತಂದ ಕೌದಿಯ ನಾರು ಸೇರಿಸಿ ತುಳಿದರು. ಮೂಸೆ ತಯಾರಾಯಿತು. ಅದನ್ನು ತಲೆಯ ಮೇಲಿಟ್ಟುಕೊಂಡು ಹೋಗುವಾಗ ಏಳು ಹೆಡೆಯ ಹಾವು ಅಡ್ಡ ಬಂತು. ಹೆಡೆಯ ಮೇಲೆ ಫಳಫಳ ಹೊಳೆಯುವ ಮೂಸೆ. ನಿನ್ನ ಕರಿ ಬಟ್ಟಲನ್ನು ಎಸೆದು ಇದನ್ನು ಒಯ್ಯಿ ಎಂದಿತು. ಬಾಳವ್ವ ಅದನ್ನು ಬೆರಳಿನಿಂದ ಬಡಿದು ನೋಡಿದಳು. ಅದು ಸದ್ದೇ ಮಾಡಲಿಲ್ಲ. ತನ್ನದನ್ನು ಬಡಿದಳು, ಠಣ್ ಎಂದಿತು. ಅವಳು ಹಾವಿನ ಬಾಲ ದಾಟಿ ನಡೆದಳು. ಕುಲುಮೆನಾಡಿನಲ್ಲಿ ಮೂಸೆ ಬೆಂಕಿಯಲ್ಲಿ ಕೆಂಪಗಾಯಿತು, ಬಿಳಿಯಾಯಿತು, ಬಿರಿಯಲಿಲ್ಲ. ರಾಜನ ಅಜ್ಜಿಯ ಮುರುಕು ದೀಪ ಕರಗಿ ನೂರು ಕಂಚಿನ ಸೂಜಿಗಳಾದವು. ಇಂಥ ಮೂಸೆ ಇನ್ನೂ ಬೇಕು ಎಂದ ರಾಜ.

ಸೂಜಿ ಕಟ್ಟಿಕೊಂಡು ಹೊರಟವಳಿಗೆ ಹೊಸಬಯ್ಯನೇ ಎದುರಾದ. ಪಕ್ಕದಲ್ಲಿ ಓಬಳ. ಅದೇ ಮುಖ, ಅದೇ ಮಚ್ಚೆ, ಎರಡೂ ಕಾಲು ನೆಟ್ಟಗೆ. ಹಳೆಯವನು ಕರಗಿಹೋಗಲಿ, ಇವನನ್ನು ಕರೆದುಕೊಂಡು ಹೋಗು ಎಂದ ಹೊಸಬಯ್ಯ. ಬಾಳವ್ವ ಅವನ ಎರಡೂ ಕಾಲು ನೋಡಿದಳು. ಒಂದು ಗಳಿಗೆ ಅವಳು ಆ ಮುಖವನ್ನೇ ನೋಡಿದಳು. ಆಮೇಲೆ, ನಾನು ಮಾಡುವ ಪಲ್ಯ ಹೇಗಿರುತ್ತದೆ ಎಂದು ಕೇಳಿದಳು. ಬಹಳ ರುಚಿ ಎಂದ ಹೊಸ ಗಂಡ.

"ಹನ್ನೆರಡು ವರ್ಷದಾಗ ನನ್ನ ಗಂಡ ಒಮ್ಮೆನೂ ಹಂಗ ಅಂದಿಲ್ಲ," ಎಂದಳು ಬಾಳವ್ವ. "ಇಂವ ನನಗ ಬ್ಯಾಡ."

ಹೊಸ ಗಂಡ ಮೇಣದಂತೆ ಕರಗಿಹೋದ. ಮಗ್ಗದನಾಡಿನಲ್ಲಿ ಸೂಜಿ ಹಂಚಿದಳು. ಮೂರೂ ನಾಡಿನ ಮನೆಮನೆಯ ಚಿಂದಿ ಕೂಡಿಸಿ ಒಂದು ದೊಡ್ಡ ಕೌದಿ ಹೊಲಿದು, ಪದ್ಧತಿಯಂತೆ ಕೊನೆಯ ಮೂಲೆಯನ್ನು ಮಾತ್ರ ಬಿಟ್ಟಳು. ಮೂವರು ರಾಜರಿಗೂ ಬರದೆ ಬೇರೆ ದಾರಿ ಇರಲಿಲ್ಲ. ಒಬ್ಬನಿಗೆ ಇನ್ನೂ ಮೂಸೆ ಬೇಕಿತ್ತು, ಒಬ್ಬನಿಗೆ ನಾರು, ಒಬ್ಬನಿಗೆ ಸೂಜಿ, ಅವಕ್ಕೆ ಬೇಕಾದ ಬೋಕಿ, ಚಿಂದಿ, ಲೋಹ ಎಲ್ಲವೂ ಆ ತಗ್ಗಿನಲ್ಲೇ ಬಿದ್ದಿದ್ದವು.

ಮೂವರೂ ದಂಡೆಯ ಮೇಲೆ ನಿಂತರು. ಅಷ್ಟು ಹತ್ತಿರದಿಂದ ಒಬ್ಬರನ್ನೊಬ್ಬರು ನೋಡಿದ್ದು ಅದೇ ಮೊದಲು. ಮಾತಿಗೆ ಮಾತು ಬಂದು, ಹೊಸಬಯ್ಯ ಮೂವರಿಗೂ ಒಂದೇ ಮಾತು ಹೇಳಿದ್ದು ಬಯಲಾಯಿತು. ನಿಮ್ಮ ನಾಡು ಚೊಕ್ಕಟ, ಹೊಲಸೆಲ್ಲ ಅವರದು ಎಂದಿದ್ದ. ಮೂವರಿಗೂ ನಾಚಿಕೆಯಾಯಿತು. ಕುಲುಮೆನಾಡಿನ ರಾಜ ಗಂಟಲು ಸರಿಮಾಡಿಕೊಂಡು, ಲೋಹವೆಲ್ಲ ನಮ್ಮದು ಎಂದ. ಮುರುಕನ ಬಾಯಿಂದ ಕೊಡ ಕೊಳಗ ದೀಪಗಳೆಲ್ಲ ಹೊರಬಂದವು. ಬೋಕಿ ನಮ್ಮದು ಎಂದ ಆವಿಗೆನಾಡಿನ ರಾಜ. ಚಿಂದಿ ನಮ್ಮದು ಎಂದ ಮಗ್ಗದನಾಡಿನವನು. ಮೂರು ದಿನ ಗಾಡಿಗಳು ಬರಿದಾಗಿ ಬಂದು ತುಂಬಿಕೊಂಡು ಹೋದವು. ಗುಡ್ಡದಷ್ಟಿದ್ದ ಮುರುಕ ಮೊದಲು ಆನೆಯಷ್ಟಾಯಿತು, ಆಮೇಲೆ ಎಮ್ಮೆಯಷ್ಟಾಯಿತು. ಕೊನೆಗೆ ಅದರ ಹೊಟ್ಟೆಯಲ್ಲಿ ಓಬಳ ಒಬ್ಬನೇ ಉಳಿದ.

"ಇಂವ ಯಾರಂವ?" ಎಂದು ಕೇಳಿತು ಮುರುಕ.

ಕುಲುಮೆನಾಡಿನ ರಾಜ ಬಿಟ್ಟು ಹೋದವನು ಎಂದು ಗೊಣಗಿದ. ಮಗ್ಗದನಾಡಿನ ರಾಜ ಅಳಿಯ ಎಂದ. ಆವಿಗೆನಾಡಿನ ರಾಜ ಆಕಾಶ ನೋಡಿದ. ಸುತ್ತಿಗೆ ಒಂದು ಸಲ ಬಡಿಯಿತು, ಆಮೇಲೆ ಬಡಿಯಲಿಲ್ಲ.

ಬಾಳವ್ವ ಕೌದಿಯನ್ನು ಅವರ ಕಾಲ ಬಳಿ ಹಾಸಿದಳು.

"ಇದರಾಗ ಯಾವ ತುಂಡು ಯಾವ ನಾಡಿನ ಮನೀದು, ಹೇಳ್ರಿ. ಹೇಳಿದ್ರ ಬಿಚ್ಚಿ ಕೊಡ್ತೀನಿ. ಹೇಳಲಿಕ್ಕೆ ಆಗದಿದ್ರ ನನ್ನ ಗಂಡ ಯಾರಂವ ಅಂತ ಕೇಳಬ್ಯಾಡ್ರಿ."

ರಾಜರು ಬಗ್ಗಿ ನೋಡಿದರು. ಯಾರಿಗೂ ಗೊತ್ತಾಗಲಿಲ್ಲ. ಮೊದಲು ಬಾಯಿ ಬಿಟ್ಟವನು ಆವಿಗೆನಾಡಿನ ರಾಜ, ಓಬಳನ ಗುರುತೇ ಇಲ್ಲದವನು. "ನಮ್ಮವನು," ಎಂದ. ಉಳಿದಿಬ್ಬರೂ ಅದನ್ನೇ ಹೇಳಿದರು.

ಮುರುಕ ಬಾಯಿ ತೆರೆಯಿತು. ಓಬಳ ಕುಂಟುತ್ತ ಹೊರಗೆ ಬಂದ, ಕಂಕುಳಲ್ಲಿ ಬೆಸುಗೆ ಮುಗಿದ ಕೊಡ. ಕೆಲಸ ಮುಗಿದದ್ದಕ್ಕೆ ಸುತ್ತಿಗೆ ನಿಂತಿತ್ತು. ಬಾಳವ್ವ ಅವನ ಎದೆಗೊರಗಿ ಅತ್ತಳು. ಅವನು ಅವಳ ತಲೆ ಸವರಿ, ಇದರ ಮುಚ್ಚಳ ಯಾರ ಹತ್ತಿರ ಇದೆಯೋ ಕೇಳು ಎಂದ.

ಅಷ್ಟರಲ್ಲಿ ದಿಬ್ಬದಿಂದ ಯಾರೋ ತಡವರಿಸುತ್ತ ಇಳಿದು ಬಂದರು. ಹೊಸಬಯ್ಯ. ಮುನ್ನೂರು ವರ್ಷ ಒಮ್ಮೆಲೇ ಮೈಮೇಲೆ ಬಿದ್ದು ಹಲ್ಲು ಉದುರಿ, ಸೊಂಟ ಮುರಿದಿತ್ತು. ಮುರುಕ ಅವನನ್ನು ಮೂಸಿ ನೋಡಿತು. ಇವನು ಯಾರವನು ಎಂದು ಕೇಳಿತು. ಮೂವರು ರಾಜರೂ ಒಟ್ಟಿಗೆ ಬಾಯಿ ತೆರೆದರು, ಏನು ಹೇಳಲಿದ್ದರೆಂದು ಎಲ್ಲರಿಗೂ ಗೊತ್ತಿತ್ತು. ಬಾಳವ್ವನಿಗೆ ಅವನ ಮೇಲೆ ಎಳ್ಳಷ್ಟೂ ಪ್ರೀತಿ ಇರಲಿಲ್ಲ.

"ನಮ್ಮಂವ ಅನ್ರಿ," ಎಂದಳು. "ಇಲ್ಲಂದ್ರ ಮತ್ತ ಮೊದಲಿನಿಂದ ಶುರು ಆಗ್ತೈತಿ."

ರಾಜರು ಮನಸ್ಸಿಲ್ಲದ ಮನಸ್ಸಿನಿಂದ ಅಂದರು. ಹೊಸಬಯ್ಯನಿಗೆ ಗುಂಡಿ, ಮಣಿ, ಬಳೆಚೂರು ಬೇರೆ ಬೇರೆ ಮಾಡುವ ಕೆಲಸ ಕೊಟ್ಟರು. ಅವನು ದಿನವೂ ಗೊಣಗುತ್ತಿದ್ದ, ಕೆಲಸ ಮಾತ್ರ ಚೆನ್ನಾಗಿ ಮಾಡುತ್ತಿದ್ದ. ತಗ್ಗಿನ ಮೇಲೆ ಮೂರು ನಾಡಿನವರು ಸೇರಿ ಒಂದು ಕೊಟ್ಟಿಗೆ ಕಟ್ಟಿದರು. ಅಮಾವಾಸ್ಯೆಯ ಗಾಡಿಗಳು ಈಗಲೂ ಬರುತ್ತಿದ್ದವು, ಆದರೆ ಒಬ್ಬರ ಬೋಕಿ ಒಬ್ಬರಿಗೆ, ಒಬ್ಬರ ಚಿಂದಿ ಇನ್ನೊಬ್ಬರಿಗೆ ಹಂಚಿಕೊಂಡು ಮರಳುತ್ತಿದ್ದವು. ಕೊಡದ ಮುಚ್ಚಳ ಆವಿಗೆನಾಡಿನ ಅರಮನೆಯ ಅಡುಗೆಮನೆಯಲ್ಲಿ ಸಿಕ್ಕಿತು. ಕೆರೆಗಳಿಗೆ ಮಣ್ಣು ಮರಳಿತು, ಬೆಟ್ಟಗಳು ತಮ್ಮ ಜಾಗದಲ್ಲಿ ನಿಂತವು.

ಮುರುಕ ಇಲಿಯಷ್ಟಾಗಿತ್ತು. ಹಸಿವಿನಿಂದ ಬಾಳವ್ವನ ಕಾಲ ಬಳಿ ಸುತ್ತುತ್ತಿತ್ತು. ಅವಳು ಕೌದಿಯ ಬಿಟ್ಟ ಮೂಲೆಯಲ್ಲಿ ಒಂದು ಚೂರು ರೊಟ್ಟಿ ಇಟ್ಟಳು. ಮುರುಕ ಒಳಗೆ ಹೋಯಿತು. ಅವಳು ಮೂಲೆ ಹೊಲಿದಳು.

ಆ ಕೌದಿಯ ಕೆಳಗೆ ಬಾಳವ್ವ ಓಬಳ ನೂರು ವರ್ಷ ಸುಖವಾಗಿ ಮಲಗಿ ಎದ್ದರು, ಪಲ್ಯಕ್ಕೆ ಉಪ್ಪು ಜಾಸ್ತಿ ಎಂದು ಜಗಳವಾಡಿದರು, ಮೂರು ನಾಡಿನ ಮಕ್ಕಳೂ ಅದನ್ನು ಹೊದ್ದು ಬೆಳೆದರು. ಯಾರಾದರೂ ನಮ್ಮದಲ್ಲ ಎಂದಾಗ ಮಾತ್ರ ಅದರ ಒಂದು ಮೂಲೆ ಮೆಲ್ಲಗೆ ಮಿಸುಕುತ್ತಿತ್ತು.