ಪ್ರಾರ್ಥನಾ ಮಂದಿರದ ಖಾಲಿ ಪೀಠ

ಧರ್ಮೇಂದ್ರ ಮೇಷ್ಟ್ರ ಕುತ್ತಿಗೆಗೆ ಮಚ್ಚಿನ ಮೂರು ಏಟು ಬಿದ್ದಿದ್ದವು. ಕಟ್ಟೆಮಳಲವಾಡಿ ಹತ್ತಿರದ ಆ ಧಾರ್ಮಿಕ ಟ್ರಸ್ಟಿನ ಹೈಸ್ಕೂಲಿನ ಪ್ರಾರ್ಥನಾ ಮಂದಿರದಲ್ಲಿ ಅವರು ಬೋರಲಾಗಿ ಬಿದ್ದಿದ್ದರು. ರಕ್ತ ಗೋಡೆಗೆಲ್ಲ ಚಿಮ್ಮಿತ್ತು. ಪೀಠದ ಮೇಲಿದ್ದ ಪಂಚಲೋಹದ ಸರಸ್ವತಿ ಕಾಣೆಯಾಗಿದ್ದಳು. ಶಿವನಂಜಪ್ಪ ಹೊಸ್ತಿಲಲ್ಲೇ ನಿಂತ. ಬಸ್ ಕಂಡಕ್ಟರನಾಗಿದ್ದಾಗ ಅಪಘಾತಗಳನ್ನು ಬೇಕಾದಷ್ಟು ಕಂಡಿದ್ದ; ಮನುಷ್ಯನನ್ನು ಮನುಷ್ಯನೇ ಹೀಗೆ ಕಡಿದದ್ದನ್ನು ಕಂಡಿರಲಿಲ್ಲ.

ಅವನನ್ನು ಸ್ಕೂಟರ್ ಸಮೇತ ಹುಣಸೂರಿನಿಂದ ಎಬ್ಬಿಸಿ ತಂದವಳು ಪಕ್ಕದ ಮನೆಯ ಸಾಕಮ್ಮ. ಹೆಡ್ ಕಾನ್‌ಸ್ಟೇಬಲ್ ಕೆಲಸದಿಂದ ನಿವೃತ್ತಳಾದರೂ ಸುತ್ತಮುತ್ತಲ ಕಗ್ಗಂಟುಗಳೆಲ್ಲ ಅವಳ ಜಗಲಿಗೇ ಬರುತ್ತಿದ್ದವು. ಇಂದು ಫೋನ್ ಮಾಡಿ ಅತ್ತವರು ಶಾಲೆಯ ಮುಖ್ಯೋಪಾಧ್ಯಾಯಿನಿ ಮಹದೇವಮ್ಮ.

ಹೊರಗೆ ಧ್ವಜಕಂಬಕ್ಕೆ ಕಟ್ಟಿಹಾಕಿದ್ದ ಸಿದ್ದರಾಜುವನ್ನು ಜನ ಆಗಲೇ ಹಣ್ಣುಗಾಯಿ ನೀರುಗಾಯಿ ಮಾಡಿದ್ದರು. ಅವನು ಶಾಲೆಯ ಗೇಟಿನ ಮುಂದೆ ಎಳನೀರು ಮಾರುವವನು. ಮಚ್ಚು ಅವನದೇ. ಅವನೂ ಮೇಷ್ಟ್ರೂ ಒಂದೇ ಮನೆಯಲ್ಲಿ ಸಂಸಾರ ಹೂಡಿದ್ದು ಯಾರಿಗೂ ಗುಟ್ಟಾಗಿರಲಿಲ್ಲ.

"ಜಗಳ ಆಡಿ ಕೊಂದವ್ನೆ, ವಿಗ್ರಹಾನೂ ಕದ್ದವ್ನೆ," ಎಂದ ಸಬ್‌ಇನ್‌ಸ್ಪೆಕ್ಟರ್.

"ಮಚ್ಚು ಗಾಡೀಲಿತ್ತು ಕಣಮ್ಮ, ಯಾರೋ ಎತ್ಕೊಂಡವ್ರೆ," ಸಿದ್ದರಾಜುವಿನ ಒಡೆದ ತುಟಿಯಿಂದ ರಕ್ತ ಸೋರುತ್ತಿತ್ತು. "ಜೈಲಿಗಾದ್ರೂ ಹಾಕ್ಲಿ ಬುಡಿ. ಅವುನ್ನ ಮಣ್ಣು ಮಾಡಕ್ಕೆ ನಂಗೆ ಕೊಡಕ್ಕೇಳಿ. ಅವ್ರಪ್ಪ ಹೆಣ ಮುಟ್ಟಲ್ಲ ಅಂದ್ಬುಟ್ಟವ್ರೆ."

ಸಾಕಮ್ಮ ಮಂದಿರದೊಳಗೆ ಹೋದಳು. ಪೀಠದ ಮೇಲೆಲ್ಲ ರಕ್ತದ ಹನಿ ಒಣಗಿದ್ದವು, ಮೂರ್ತಿ ಕೂರುವ ನಡುಭಾಗದಲ್ಲೂ. ಎಣ್ಣೆ ತುಂಬಿದ್ದರೂ ನಂದಾದೀಪ ಆರಿತ್ತು; ಬತ್ತಿಯ ಮೇಲೆ ಅರ್ಧ ಸುಟ್ಟ ಕಣಗಿಲೆ ಹೂವಿತ್ತು.

"ನಿನ್ನೆ ಸಾಯಂಕಾಲದ ಪ್ರಾರ್ಥನೇಲಿ ದೇವರಿತ್ತಾ?"

"ಇತ್ತು ಸಾಕಮ್ಮೋರೆ," ಎಂದರು ಮಹದೇವಮ್ಮ. "ಪೂಜೆ ಮಾಡೋರು ಟ್ರಸ್ಟಿನ ಕಾರ್ಯದರ್ಶಿ ಮಹೇಶ್‌ಕುಮಾರ್. ಮೂರ್ತೀನ ಬೇರೆ ಯಾರೂ ಮುಟ್ಟಂಗಿಲ್ಲ." ಆಮೇಲೆ ದನಿ ತಗ್ಗಿಸಿದರು. ಯಾರು ಯಾರನ್ನು ಪ್ರೀತಿಸುತ್ತಾರೆಂಬ ಕಾರಣಕ್ಕೆ ಶಿಕ್ಷಕರನ್ನಾಗಲಿ ಮಕ್ಕಳನ್ನಾಗಲಿ ಶಾಲೆಯಿಂದ ತೆಗೆಯಬಾರದು ಎಂಬ ನಿಯಮವನ್ನು ಮೇಷ್ಟ್ರು ಸಮಿತಿಯ ಮುಂದಿಟ್ಟಿದ್ದರು. ಕಳೆದ ವರ್ಷ ಇಬ್ಬರು ಹುಡುಗಿಯರಿಗೆ ಟಿಸಿ ಕೊಟ್ಟು ಕಳಿಸಿದಾಗಿನಿಂದ ಅವರ ಹಟ ಅದು. ಇಂದು ಅದಕ್ಕೆ ಒಪ್ಪಿಗೆ ಸಿಗುವುದಿತ್ತು.

ಸಾಕಮ್ಮ ಶಿವನಂಜಪ್ಪನ ಕಿವಿಯಲ್ಲಿ ಒಂದು ಮನೆಯ ಗುರುತು ಹೇಳಿದಳು. ಅವನು ಪೇದೆಯೊಬ್ಬನೊಂದಿಗೆ ಹೋಗಿ, ಮಡಿವಸ್ತ್ರ ಸುತ್ತಿದ ಭಾರದ ಗಂಟು ಹಿಡಿದು ಬಂದ. ಅಷ್ಟರಲ್ಲಿ ಕಾರ್ಯದರ್ಶಿ ಸಮೇತ ಸಮಿತಿಯವರೆಲ್ಲ ಸ್ಟಾಫ್ ರೂಮಿನಲ್ಲಿ ಸೇರಿದ್ದರು; ಸಿದ್ದರಾಜುವನ್ನೂ ಕಂಬದಿಂದ ಬಿಚ್ಚಿ, ಕೈ ಕಟ್ಟಿ ಅಲ್ಲಿಗೆ ತಂದಿದ್ದರು.

"ಕಳ್ಳ ಕೊಂದಾದ್ಮೇಲೆ ದೇವರನ್ನ ಎತ್ಕೊಂಡೋಗಿದ್ರೆ ಮೂರ್ತಿ ಕೂತಿದ್ದ ಜಾಗ ಚೊಕ್ಕಟವಾಗಿರಬೇಕಿತ್ತು," ಎಂದು ಸಾಕಮ್ಮ ಶುರುಮಾಡಿದಳು. "ಅಲ್ಲೂ ರಕ್ತ ಬಿದ್ದದೆ. ಅಂದ್ರೆ ಮೊದಲು ದೇವರು ಎದ್ದವ್ಳೆ, ಆಮೇಲೆ ಏಟು ಬಿದ್ದದೆ. ಕದಿಯಕ್ಕೆ ಬಂದೋನು ದೀಪಾನ ಉಫ್ ಅಂತ ಊದ್ತಾನೆ, ಇಲ್ಲ ಹಂಗೇ ಬುಡ್ತಾನೆ. ಇವನು ಹೂವಿಟ್ಟು ಆರಿಸವ್ನೆ. ಕೊಲೆ ಮಾಡಕ್ಕೆ ನಿಂತಿದ್ರೂ ಮೈಲಿಗೆಗೆ ಹೆದರೋನು. ಮಚ್ಚು ಸಿದ್ದರಾಜುದೇ ಆದ್ರೆ ತಪ್ಪು ಅವನ ಮೇಲೆ ಹೋಯ್ತದೆ ಅಂತ ಗೊತ್ತಿದ್ದೋನು. ನಿಯಮದ ಮಾತಾಡೋಣ ಬಾ ಅಂತ ಕರೆದ್ರೆ ಮೇಷ್ಟ್ರು ನಂಬ್ಕೊಂಡು ಬರೋವಂತೋನು."

ಶಿವನಂಜಪ್ಪ ಗಂಟು ಬಿಚ್ಚಿದ. ಸರಸ್ವತಿ ಹೊಸ ಹೂ ಮುಡಿದಿದ್ದಳು.

"ಎಲ್ಲಿ ಸಿಕ್ತು?" ಸಬ್‌ಇನ್‌ಸ್ಪೆಕ್ಟರ್ ಎದ್ದು ನಿಂತ.

"ಕಾರ್ಯದರ್ಶಿಗಳ ಮನೆ ದೇವರ ಕೋಣೇಲಿ. ಬೆಳಿಗ್ಗೆ ಪೂಜೇನೂ ಆಗಿತ್ತು ಸಾರ್."

ಮಹೇಶ್‌ಕುಮಾರ್ ಸಿದ್ದರಾಜುವಿನ ಮೇಲೆ ಹಾರಿಬಿದ್ದು ಗಂಟಲು ಅದುಮಿದ. ಬಿಡಿಸಲು ಹೋದ ಶಿವನಂಜಪ್ಪನ ಹುಬ್ಬು ಮೊಣಕೈ ಏಟಿಗೆ ಸೀಳಿತು. ಪೇದೆಗಳು ನೆಲಕ್ಕೆ ಕೆಡವಿ ಕೈಕೋಳ ಹಾಕಿದರೂ ಕಾರ್ಯದರ್ಶಿ ಕಿರುಚುತ್ತಲೇ ಇದ್ದ: "ದೇವರಿಗೋಸ್ಕರ ಮಾಡಿದ್ದು! ಅವಳ ಶಾಲೇನ ಹೊಲಸು ಮಾಡ್ತಿದ್ರು!"

"ಅವಳಿಗೋಸ್ಕರ ಆಗಿದ್ರೆ ಅವಳ ಕಣ್ಮುಂದೇನೆ ಮಾಡ್ಬೇಕಿತ್ತು," ಎಂದಳು ಸಾಕಮ್ಮ. ಅವಳಿಗೆ ಇಷ್ಟು ಕೋಪ ಬಂದದ್ದನ್ನು ಶಿವನಂಜಪ್ಪ ಎಂದೂ ನೋಡಿರಲಿಲ್ಲ.

ಸಮಿತಿಯವರು ಎದ್ದು ಹೊರಡಲು ನೋಡಿದಾಗ ಮಹದೇವಮ್ಮ ಬಾಗಿಲಿಗೆ ಅಡ್ಡ ನಿಂತರು. ನಿಯಮ ಒಪ್ಪುವವರು ಕೈ ಎತ್ತಿ ಎಂದರು. ಒಂದೊಂದಾಗಿ ಕೈಗಳು ಮೇಲೆದ್ದವು.

ಸಬ್‌ಇನ್‌ಸ್ಪೆಕ್ಟರ್ ಸಿದ್ದರಾಜುವಿನ ಕಟ್ಟು ಬಿಚ್ಚಿಸಿ, ಹೆಣ ಒಪ್ಪಿಸುವ ಕಾಗದ ತೆಗೆದ. ಅವನ ಪೆನ್ನು ಅಲ್ಲೇ ನಿಂತಿತು. "ಸತ್ತೋರಿಗೆ ನೀನು ಏನಾಗ್ಬೇಕಪ್ಪ? ಏನಂತ ಬರೀಲಿ?"

ಸಿದ್ದರಾಜು ಸಮಿತಿಯವರತ್ತ ನೋಡಿದ. ಯಾರೂ ತಲೆ ತಗ್ಗಿಸಲಿಲ್ಲ.

"ಮನೆಯೋನು ಅಂತ ಬರ್ಕಳಿ ಸಾರ್," ಎಂದ.