ಹದಿನಾಲ್ಕನೆಯ ಪ್ರಶ್ನೆ

"ಕಿಟಕಿ ಮುಚ್ತೀನಿ," ಎಂದುಬಿಟ್ಟರು ಅತ್ತೆ. ಆಡಿದ ಮಾತನ್ನು ಇನ್ನು ನುಂಗಿಕೊಳ್ಳುವುದು ಹೇಗೆ!

ಕಿರಿಸೊಸೆ ಕೇಳಿದ್ದು ಉತ್ತರವನ್ನಲ್ಲ. ವಿಶ್ವವಿದ್ಯಾಲಯದಲ್ಲಿ ಹೆಂಗಸರ ಮೇಲಿನ ದೌರ್ಜನ್ಯದ ಬಗ್ಗೆ, ಮನೆಯೊಳಗೆ ಯಾರ ಕೈ ಮೇಲು ಎಂಬುದರ ಬಗ್ಗೆ ಸಂಶೋಧನೆ ಮಾಡುವವಳು ಅವಳು. ಹೊಸ ಪ್ರಶ್ನಾವಳಿಯನ್ನು ನಾಲ್ಕು ಮನೆಗೆ ಒಯ್ಯುವ ಮೊದಲು ಅತ್ತೆಗೆ ಓದಿ ಹೇಳುತ್ತಿದ್ದಳು. ಪ್ರಶ್ನೆ ಅರ್ಥವಾಯಿತೋ ಇಲ್ಲವೋ, ಅಷ್ಟು ಹೇಳಿದರೆ ಸಾಕಿತ್ತು. ಬಟಾಣಿ ಸುಲಿಯುತ್ತಿದ್ದ ಅತ್ತೆ ಹದಿಮೂರು ಪ್ರಶ್ನೆಗಳಿಗೆ "ಆಯ್ತು, ಮುಂದೆ" ಎಂದಿದ್ದರು. ಕಂಡವರ ಮನೆ ಜಗಳ ಕೆದಕುವುದಕ್ಕೂ ಸಂಬಳ ಕೊಡುತ್ತಾರಲ್ಲ ಎಂದು ಗೇಲಿಯನ್ನೂ ಮಾಡಿದ್ದರು. ಹದಿನಾಲ್ಕನೆಯದು ಬಂತು. ಮನೆಯಲ್ಲಿ ಒಬ್ಬರು ಇನ್ನೊಬ್ಬರ ಮೇಲೆ ಕೈ ಮಾಡಿದಾಗ ಉಳಿದವರು ಏನು ಮಾಡುತ್ತಾರೆ? ಅತ್ತೆಯ ಬಾಯಿ ತಾನಾಗಿಯೇ ತೆರೆದುಕೊಂಡಿತ್ತು.

ಏಳು ವರ್ಷ! ಹಿರಿಮಗ ಕೂಗಾಡಲು ಶುರುಮಾಡಿದೊಡನೆ ಅತ್ತೆ ಎದ್ದು ಬೀದಿ ಕಡೆಯ ಕಿಟಕಿ ಮುಚ್ಚುತ್ತಿದ್ದರು. ಹಿರಿಸೊಸೆಯ ಕೆನ್ನೆ ಊದಿದರೆ, ಬಚ್ಚಲಲ್ಲಿ ಜಾರಿದಳು ಎಂದು ಕೇಳಿದವರಿಗೆಲ್ಲ ಅವರೇ ಹೇಳುತ್ತಿದ್ದರು. ಕಾಲೇಜಿನ ಪ್ರಾಂಶುಪಾಲ, ಊರೆಲ್ಲ ಹೊಗಳುವ ಮಗ... ಅವನ ಮಾನ ಬೀದಿಪಾಲಾಗಬಾರದಲ್ಲ!

ಈಗ ಈ ಹುಡುಗಿ ಎಗರಿಬೀಳುತ್ತಾಳೆ ಎಂದು ಅತ್ತೆ ಕಾದರು. ಎರಡು ತಿಂಗಳ ಹಿಂದಷ್ಟೇ ಈ ಮನೆಗೆ ಬಂದವಳು. ಓರಗಿತ್ತಿಯನ್ನು ಎರಡು ಸಲ ವಿಚಾರಿಸಿ, ಎರಡು ಸಲವೂ ಬಚ್ಚಲ ಕಥೆಯನ್ನೇ ಕೇಳಿಸಿಕೊಂಡವಳು. ಆದರೆ ಅವಳು ಹುಬ್ಬು ಕೂಡ ಏರಿಸಲಿಲ್ಲ. ಯಾರು ಏನೇ ಹೇಳಲಿ, ಛೀ ಎನ್ನಬಾರದು, ಅಯ್ಯೋ ಎನ್ನಬಾರದು. ಅಂದುಬಿಟ್ಟರೆ ಎದುರಿನವರ ಬಾಯಿ ಕಟ್ಟಿಹೋಗುತ್ತದೆ. ಇದು ಅವಳ ಕೆಲಸದ ಮೊದಲ ಪಾಠವಂತೆ. ಅವಳ ಕಣ್ಣು ತುಂಬಿತ್ತು, ಮುಖ ಮಾತ್ರ ಬದಲಾಗಲಿಲ್ಲ. ಎಂಥ ಗಟ್ಟಿಗಿತ್ತಿ! ಅತ್ತೆಗೆ ಅವಳ ಓದಿನ ಮೇಲೆ ಅಂದು ಮೊದಲ ಬಾರಿ ಗೌರವ ಹುಟ್ಟಿತು.

"ಇದನ್ನ ಬರ್ಕೋಬೇಡಮ್ಮಾ," ಎಂದರು.

"ಬರ್ದಿಲ್ಲ ಅತ್ತೆ. ಏನು ಮಾಡ್ಬೇಕು ಅನ್ನೋದು ನಿಮಗೇ ಬಿಟ್ಟಿದ್ದು. ಆದ್ರೆ ಅಕ್ಕ ದೂರು ಕೊಡ್ತೀನಿ ಅಂದ ದಿನ ನಾನು ಜೊತೆಗೆ ಹೋಗ್ತೀನಿ. ನಿಮ್ಮ ಬೆನ್ನ ಹಿಂದೆ ಏನೂ ಮಾಡಲ್ಲ, ಅದಕ್ಕೇ ಈಗ್ಲೇ ಹೇಳ್ತಿದೀನಿ."

ಬೈದಿದ್ದರೆ ಅತ್ತೆ ತಿರುಗಿ ಬೈದು ಹಗುರಾಗುತ್ತಿದ್ದರು. ಬೈಯಲಿಲ್ಲವಲ್ಲ, ಅದೇ ಕರುಳಿಗೆ ನಾಟಿತು... ಮೂರು ದಿನ ಅವರಿಗೆ ಊಟ ಸೇರಲಿಲ್ಲ. ನಾಲ್ಕನೆಯ ಬೆಳಿಗ್ಗೆ ಹಿರಿಸೊಸೆಯ ತುಟಿ ಒಡೆದಿತ್ತು. ಅವನ ಅಂಗಿಗೆ ಗುಂಡಿ ಹೊಲಿದಿರಲಿಲ್ಲವಂತೆ, ಅಷ್ಟಕ್ಕೇ! ಮಗ ಕಾಲೇಜಿಗೆ ಹೊರಟ ಮೇಲೆ ಅತ್ತೆ ಅವಳ ಮುಂದೆ ಬಂದು ನಿಂತು, ತಪ್ಪೆಲ್ಲ ತನ್ನದು ಎಂದರು. ದೂರು ಕೊಡುವುದಾದರೆ ತಾನೂ ಬರುತ್ತೇನೆ ಎಂದರು. ಅವಳು ನಂಬಲಾರದೆ ಅವರ ಮುಖವನ್ನೇ ನೋಡಿದಳು. ಆಮೇಲೆ ಅಳುತ್ತಲೇ ಹೂಂ ಎಂದಳು.

ಮೂವರೂ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಒತ್ತಾಗಿ ಕುಳಿತರು. ಹಿರಿಸೊಸೆಯ ಹೇಳಿಕೆ ಮುಗಿಯಿತು. ಕಣ್ಣಾರೆ ಕಂಡವರು ಯಾರಾದರೂ ಇದ್ದಾರೆಯೇ ಎಂದು ಅಧಿಕಾರಿ ಕೇಳಿದಾಗ ಅತ್ತೆ ಎದ್ದರು. ಕಿರಿಸೊಸೆ ಅವರ ಕೈ ಹಿಡಿದುಕೊಂಡಳು.

"ನೀವು ಈ ಹುಡುಗಿ ತಾಯಿನಾ?"

"ಅಲ್ಲಪ್ಪ, ಹುಡುಗನ ತಾಯಿ," ಎಂದ ಅತ್ತೆ, ಮೊದಲ ವರ್ಷದಿಂದ ಹೇಳತೊಡಗಿದರು.